ಜರ್ಮನ್ ಗ್ಲೈಡರ್ ಟ್ರೈಲರ್, ಅಮೆರಿಕದ ಕಾರು: ಲೈಟ್ ವೈರಿಂಗ್ ಹೊಂದಿಸೋದು ಹೇಗೆ?

ಹೊಲ್ಲಿಸ್ಟರ್ ಗಾಳಿ

ಎಲ್ಲರಿಗೂ ನಮಸ್ಕಾರ. ನಾನಿರುವುದು ಕ್ಯಾಲಿಫೋರ್ನಿಯಾದಲ್ಲಿ. ಹೊಲ್ಲಿಸ್ಟರ್‌ನಲ್ಲಿ ಗ್ಲೈಡರ್ ಹಾರಿಸುತ್ತೇನೆ. ನಾನೂ ಇನ್ನೊಬ್ಬ ಗೆಳೆಯರೂ ಸೇರಿ ಜರ್ಮನಿಯಿಂದ 15 ಮೀಟರ್ ರೆಕ್ಕೆಯ ಹಳೇ ಗ್ಲೈಡರ್ ಒಂದನ್ನು ಕೊಂಡಿದ್ದೇವೆ. ಅದನ್ನು ಇಟ್ಟುಕೊಂಡು ಸಾಗಿಸುವ ಮುಚ್ಚಿದ ಟ್ರೈಲರ್ ಕೂಡ ಜೊತೆಗೇ ಬಂದಿದೆ.

ಸಮಸ್ಯೆ ಲೈಟಿನದು. ಟ್ರೈಲರಿನ ಮೂತಿಯಲ್ಲಿ 13 ಪಿನ್ನಿನ ದುಂಡು ಪ್ಲಗ್ ಇದೆ. ನನ್ನ ಕಾರಿನ ಹಿಂದೆ ಇರುವುದು ಇಲ್ಲಿಯ ಮಾಮೂಲಿ 4 ವೈರಿನ ಚಪ್ಪಟೆ ಪ್ಲಗ್. ಕಾರು ಜಪಾನಿ ಎಸ್‌ಯುವಿ. ಗೆಳೆಯರ ಪಿಕಪ್‌ನಲ್ಲಿ 7 ಪಿನ್ನಿನ ಸಾಕೆಟ್ ಇದೆ. ಬಿಡಿಭಾಗದ ಅಂಗಡಿಯಲ್ಲಿ ಕೇಳಿದರೆ "ಬಣ್ಣಕ್ಕೆ ಬಣ್ಣ ಸೇರಿಸಿ, ಅಷ್ಟೇ" ಅಂದರು. ಅಷ್ಟು ಸುಲಭಾನಾ? ಯಾರಾದರೂ ಮಾಡಿದ್ದರೆ ಹೇಳಿ.

ಶಿವಮೊಗ್ಗ ವೈರ್‌ಮನ್

ಬಣ್ಣಕ್ಕೆ ಬಣ್ಣ ಮಾತ್ರ ಸೇರಿಸಬೇಡಿ ಸರ್. ಲೋಕದಲ್ಲಿ ಎಲ್ಲಿಯ ವಾಹನವಾದರೂ ಸರಿ, ಮೊದಲು ಪಿನ್ ನೋಡಬೇಕು, ಆಮೇಲೆ ಟೆಸ್ಟ್ ಲ್ಯಾಂಪ್ ಹಿಡಿದು ನೋಡಬೇಕು. ಬಣ್ಣ ಕೊನೆಗೆ. ಜರ್ಮನಿಯಲ್ಲಿ ಯಾವ ಪಿನ್ ಯಾವುದಕ್ಕೆ ಅಂತ ಅಲ್ಲಿರುವವರೇ ಹೇಳಲಿ.

ರಾಜಾಜಿನಗರ ರೀಡರ್

ಮಧ್ಯೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ವಿಮಾನಕ್ಕೆ ಟ್ರೈಲರ್ ಯಾಕೆ? ಹಾರಿಕೊಂಡೇ ಹೋಗೋದಲ್ವಾ ಅದು?

ಹೊಲ್ಲಿಸ್ಟರ್ ಗಾಳಿ

ಗ್ಲೈಡರ್‌ಗೆ ಎಂಜಿನ್ ಇಲ್ಲ. ಇನ್ನೊಂದು ವಿಮಾನ ಎಳೆದುಕೊಂಡು ಹೋಗಿ ಮೇಲೆ ಬಿಡುತ್ತದೆ. ಆಮೇಲೆ ಬಿಸಿಗಾಳಿ ಎಲ್ಲಿ ಏಳುತ್ತಿದೆಯೋ ಹುಡುಕಿಕೊಂಡು ಹಾರಬೇಕು. ಗಾಳಿ ಕೈಕೊಟ್ಟರೆ ಯಾರದೋ ಹೊಲದಲ್ಲಿ ಇಳಿಯಬೇಕು. ಆಗ ಕ್ಲಬ್ಬಿನಿಂದ ಯಾರಾದರೂ ಟ್ರೈಲರ್ ಎಳೆದುಕೊಂಡು ಬಂದು, ರೆಕ್ಕೆ ಬಿಚ್ಚಿ, ಒಳಗೆ ತುಂಬಿಕೊಂಡು ವಾಪಸ್ ಕರೆತರುತ್ತಾರೆ. ಬಹಳ ಸಲ ಅದು ಕತ್ತಲಾದ ಮೇಲೇ. ಅದಕ್ಕೇ ಲೈಟ್ ಬಗ್ಗೆ ಇಷ್ಟು ತಲೆಬಿಸಿ.

ನೆಕ್ಕಾರ್ ತೀರದಿಂದ

ನಾನು ಸ್ಟುಟ್‌ಗಾರ್ಟ್ ಹತ್ತಿರ ಇರುವವನು. ಕೆಲಸ ಆಟೋ ಎಲೆಕ್ಟ್ರಿಕಲ್ಸ್‌ನಲ್ಲೇ. ಇಲ್ಲಿಯ ಲೆಕ್ಕ ಹೀಗಿದೆ.

13 ಪಿನ್ ಪ್ಲಗ್‌ನ ಮಾನಕ ಐಎಸ್‌ಒ 11446. ಹಳೆಯ 7 ಪಿನ್ನಿನದು ಐಎಸ್‌ಒ 1724. ಮೊದಲ ಏಳು ಪಿನ್ ಎರಡರಲ್ಲೂ ಒಂದೇ ಕೆಲಸ ಮಾಡುತ್ತವೆ. 1 ಎಡ ಇಂಡಿಕೇಟರ್, ಹಳದಿ ವೈರ್. 2 ಹಿಂದಿನ ಫಾಗ್ ಲೈಟ್, ನೀಲಿ. 3 ಅರ್ತಿಂಗ್, ಬಿಳಿ. 4 ಬಲ ಇಂಡಿಕೇಟರ್, ಹಸಿರು. 5 ಬಲಗಡೆಯ ಟೈಲ್ ಲೈಟ್, ಕಂದು. 6 ಬ್ರೇಕ್ ಲೈಟ್, ಕೆಂಪು. 7 ಎಡಗಡೆಯ ಟೈಲ್ ಲೈಟ್, ಕಪ್ಪು. 13 ಪಿನ್ನಿನದರಲ್ಲಿ 8 ರಿವರ್ಸ್ ಲೈಟ್, 9 ಸದಾ ಇರುವ 12 ವೋಲ್ಟ್, 10 ಕೀ ಆನ್ ಇದ್ದಾಗ ಬರುವ 12 ವೋಲ್ಟ್. 11 ಮತ್ತು 13 ಆ ಎರಡಕ್ಕೆ ಬೇರೆ ಅರ್ತಿಂಗ್.

ಎಡ ಬಲ ಟೈಲ್ ಲೈಟ್ ಬೇರೆ ಬೇರೆ ವೈರ್ ಯಾಕೆ ಅಂತ ನಿಮ್ಮ ಕಡೆಯವರು ಕೇಳುತ್ತಾರೆ. ಇಲ್ಲಿ ರಸ್ತೆ ಬದಿ ನಿಲ್ಲಿಸಿದಾಗ ಒಂದೇ ಬದಿಯ ಪಾರ್ಕ್ ಲೈಟ್ ಉರಿಸುವ ರೂಢಿ ಇದೆ. ಫ್ಯೂಸೂ ಬೇರೆ ಬೇರೆ. ಒಂದು ಹೋದರೂ ಇನ್ನೊಂದು ಬದಿ ಉರಿಯುತ್ತದೆ.

ಡಲ್ಲಾಸ್ ಡೀಸೆಲ್

ಈಗ ಅಮೆರಿಕದ ಕಡೆ ನೋಡೋಣ. 4 ವೈರಿನ ಚಪ್ಪಟೆ ಪ್ಲಗ್‌ನಲ್ಲಿ ಬಿಳಿ ಅರ್ತಿಂಗ್, ಕಂದು ಟೈಲ್ ಲೈಟ್, ಹಳದಿ ಎಡ, ಹಸಿರು ಬಲ. ಇಲ್ಲಿಯವರೆಗೆ ಅಂಗಡಿಯವರ ಮಾತು ಸರಿ ಅನ್ನಿಸುತ್ತದೆ. ಆದರೆ ಆ ಹಳದಿ ಬರೀ ಇಂಡಿಕೇಟರ್ ಅಲ್ಲ, ಎಡ ಇಂಡಿಕೇಟರೂ ಹೌದು, ಎಡ ಬ್ರೇಕ್ ಲೈಟೂ ಹೌದು. ಹಸಿರೂ ಹಾಗೇ. ಬ್ರೇಕ್‌ಗೆ ಅಂತ ಬೇರೆ ವೈರೇ ಇಲ್ಲ.

ಪಿಕಪ್‌ನ 7 ಪಿನ್ನಿನಲ್ಲಿ ಇನ್ನೂ ಮೂರು ಸೇರುತ್ತವೆ. ನೀಲಿ ಎಲೆಕ್ಟ್ರಿಕ್ ಬ್ರೇಕಿಗೆ, ಕಪ್ಪು ಸದಾ 12 ವೋಲ್ಟ್, ಇನ್ನೊಂದು ರಿವರ್ಸ್. ಜರ್ಮನ್ ಬಣ್ಣಗಳ ಜೊತೆ ಇಟ್ಟು ನೋಡಿ ಈಗ. ಕಪ್ಪಿಗೆ ಕಪ್ಪು ಸೇರಿಸಿದರೆ ಎಡ ಟೈಲ್ ಲೈಟ್ ಹಗಲೂ ರಾತ್ರಿ ಉರಿಯುತ್ತಲೇ ಇರುತ್ತದೆ. ನೀಲಿಗೆ ನೀಲಿ ಸೇರಿಸಿದರೆ ಬ್ರೇಕ್ ಒತ್ತಿದಾಗ ಫಾಗ್ ಲೈಟ್ ಹತ್ತುತ್ತದೆ. ಕೆಂಪಿಗೆ ಜೋಡಿಯೇ ಸಿಗುವುದಿಲ್ಲ. ಹಳದಿಗೆ ಹಳದಿ ಸೇರಿಸಿದರೆ ಬ್ರೇಕ್ ಒತ್ತಿದಾಗ ಹಿಂದಿನವರಿಗೆ ಕಾಣುವುದು ಹಳದಿ ದೀಪ. ಇಲ್ಲಿಯ ಫೆಡರಲ್ ನಿಯಮ, ಎಫ್‌ಎಂವಿಎಸ್‌ಎಸ್ 108, ಬ್ರೇಕ್ ಲೈಟ್ ಕೆಂಪೇ ಇರಬೇಕು ಅನ್ನುತ್ತದೆ. ಹಿಂದಿನ ಇಂಡಿಕೇಟರ್ ಮಾತ್ರ ಕೆಂಪೂ ಆಗಬಹುದು, ಹಳದಿಯೂ ಆಗಬಹುದು.

ಕಬ್ಬಿನ ಗಾಡಿ ಮಂಡ್ಯ

ಬ್ರೇಕ್ ಒತ್ತಿದಾಗ ಫಾಗ್ ಲೈಟ್ ಹತ್ತಿದರೆ ಒಳ್ಳೇದೇ ಅಲ್ವಾ ಗುರು? ನಮ್ಮ ಕಡೆ ಕಬ್ಬಿನ ಟ್ರೈಲರ್ ಹಿಂದೆ ಒಂದು ಲೈಟೂ ಇರಲ್ಲ, ನಿಮಗೆ ಫ್ರೀಯಾಗಿ ಇನ್ನೊಂದು ಬ್ರೇಕ್ ಲೈಟ್ ಸಿಕ್ಕಿತು.

ಡಲ್ಲಾಸ್ ಡೀಸೆಲ್

ಹಹ್ಹ. ಇಲ್ಲ, ಆ ನೀಲಿ ವೈರ್‌ನಲ್ಲಿ ಬರುವುದು ನೆಟ್ಟಗಿನ 12 ವೋಲ್ಟ್ ಅಲ್ಲ. ಬ್ರೇಕ್ ಕಂಟ್ರೋಲರ್ ಅದನ್ನು ತುಂಡು ತುಂಡಾಗಿ ಕಳಿಸುತ್ತದೆ. ಮೆಲ್ಲಗೆ ಒತ್ತಿದರೆ ದೀಪ ಮಿಣಮಿಣ, ಜೋರಾಗಿ ಒತ್ತಿದರೆ ಜೋರು. ಹಿಂದಿನವನಿಗೆ ಏನೂ ಅರ್ಥವಾಗಲ್ಲ. ನೀಲಿಯನ್ನು ಸುಮ್ನೆ ಬಿಟ್ಟುಬಿಡಿ. ಜರ್ಮನ್ ಟ್ರೈಲರ್‌ಗೆ ಬ್ರೇಕ್ ಇದ್ದರೂ ಅದು ಎಲೆಕ್ಟ್ರಿಕ್ ಅಲ್ಲ. ಕಾರು ನಿಧಾನವಾದಾಗ ಟ್ರೈಲರ್ ಮುಂದಕ್ಕೆ ತಳ್ಳುತ್ತದಲ್ಲ, ಆ ಒತ್ತಡದಿಂದಲೇ ಹಿಡಿಯುವ ಬ್ರೇಕ್.

ಹೊಲ್ಲಿಸ್ಟರ್ ಗಾಳಿ

ಈಗ ಅರ್ಥವಾಯಿತು. ಪ್ಲಗ್ ಬದಲಿಸಿದರೆ ಸಾಲದು. ನೆಟ್‌ನಲ್ಲಿ ನೋಡಿದೆ, ಎರಡು ವೈರ್ ಸಿಗ್ನಲ್ಲನ್ನು ಎಡ, ಬಲ, ಬ್ರೇಕ್ ಅಂತ ಮೂರಾಗಿ ಬಿಡಿಸುವ ಪುಟ್ಟ ಕನ್ವರ್ಟರ್ ಡಬ್ಬಿ ಸಿಗುತ್ತದೆ. ಅದನ್ನು ಹಾಕಿದರೆ ಹಳದಿ ಇಂಡಿಕೇಟರ್, ಕೆಂಪು ಬ್ರೇಕ್ ಎರಡೂ ಹಾಗೇ ಉಳಿಯುತ್ತವೆ. ಅದೇ ಸುಲಭ ಅಲ್ವಾ?

ಶಿವಮೊಗ್ಗ ವೈರ್‌ಮನ್

ಒಂದು ಪ್ರಶ್ನೆ ಸರ್. ನಿಮ್ಮ ಕಾರಿನ ಹಿಂದಿನ ಇಂಡಿಕೇಟರ್ ಯಾವ ಬಣ್ಣ?

ಹೊಲ್ಲಿಸ್ಟರ್ ಗಾಳಿ

ಹಳದಿ. ಬ್ರೇಕ್ ಬೇರೆ, ಕೆಂಪು.

ಶಿವಮೊಗ್ಗ ವೈರ್‌ಮನ್

ಹಾಗಾದರೆ ತಮಾಷೆ ನೋಡಿ. ನಿಮ್ಮ ಕಾರಿನಲ್ಲೇ ಬ್ರೇಕ್ ಬೇರೆ, ಇಂಡಿಕೇಟರ್ ಬೇರೆ. ಆ 4 ವೈರಿನ ಪ್ಲಗ್ ಹಾಕುವಾಗ ಹಿಂದೆ ಡಿಕ್ಕಿ ಪಕ್ಕ ಒಂದು ಡಬ್ಬಿ ಕೂರಿಸಿರುತ್ತಾರೆ. ಅದು ಮೂರನ್ನು ಎರಡು ಮಾಡುತ್ತದೆ. ಈಗ ನೀವು ಇನ್ನೊಂದು ಡಬ್ಬಿ ತಂದು ಎರಡನ್ನು ಮತ್ತೆ ಮೂರು ಮಾಡಲು ಹೊರಟಿದ್ದೀರಿ. ಮೊದಲ ಡಬ್ಬಿಗೆ ಹೋಗುವ ವೈರ್‌ಗಳಲ್ಲೇ ನಿಮಗೆ ಬೇಕಾದ್ದೆಲ್ಲ ಬೇರೆ ಬೇರೆಯಾಗಿ ಇದೆ. ಅಲ್ಲಿಂದಲೇ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟ್ ಆನ್ ಆಫ್ ಮಾಡುವ ಸ್ವಿಚ್) ಹಾಕಿ ಎಡ, ಬಲ, ಬ್ರೇಕ್, ಟೈಲ್ ತೆಗೆದುಕೊಂಡು, ಅರ್ತಿಂಗ್ ಸೇರಿಸಿ, ಕಾರಿಗೇ ಜರ್ಮನ್ ಸಾಕೆಟ್ ಕೂರಿಸಿದರೆ ಟ್ರೈಲರ್ ಮುಟ್ಟುವ ಕೆಲಸವೇ ಇಲ್ಲ.

ಮೆಲ್ಬರ್ನ್ ಅಕ್ಕ

ಆಸ್ಟ್ರೇಲಿಯಾದಲ್ಲಿ ಈ ತಾಪತ್ರಯ ಇಲ್ಲ. ಇಲ್ಲಿಯ 7 ಪಿನ್ನಿನಲ್ಲಿ ಬ್ರೇಕ್ ಬೇರೆ, ಇಂಡಿಕೇಟರ್ ಬೇರೆ. ನಮ್ಮ ಕ್ಲಬ್ಬಿಗೆ ಬಂದ ಜರ್ಮನ್ ಟ್ರೈಲರ್‌ಗೆ ಪ್ಲಗ್ ಬದಲಿಸಿ, ಎರಡು ಟೈಲ್ ವೈರ್ ಒಟ್ಟಿಗೆ ಕಟ್ಟಿದ್ದಷ್ಟೇ ಕೆಲಸ. ಆದರೆ ಇಲ್ಲೂ ಕಪ್ಪು ವೈರ್ ಕಾಟ ಇದ್ದೇ ಇದೆ. ಜರ್ಮನಿಯ ಎಡ ಟೈಲ್ ಕಪ್ಪು, ಇಲ್ಲಿ ಕಪ್ಪು ಅಂದರೆ ರಿವರ್ಸ್.

ವೈರ್‌ಮನ್ ಅಣ್ಣ ಹೇಳಿದ್ದು ಚೆನ್ನಾಗಿದೆ, ಆದರೆ ನಾನು ಒಪ್ಪಲ್ಲ. ಇವರು ಹೊಲದಲ್ಲಿ ಇಳಿದಾಗ ಕಾರು ಓಡಿಸಿಕೊಂಡು ಬರುವವರು ಯಾರು? ಇವರೇ ಅಲ್ಲವಲ್ಲ! ಇವರು ಗ್ಲೈಡರ್ ಪಕ್ಕ ಹೊಲದಲ್ಲಿ ನಿಂತಿರುತ್ತಾರೆ. ಬರುವವರು ಕ್ಲಬ್ಬಿನಲ್ಲಿ ಆ ಹೊತ್ತಿಗೆ ಪುರುಸೊತ್ತಿದ್ದ ಯಾರೋ, ಅವರ ಗಾಡಿ ಯಾವುದೋ. ಟ್ರೈಲರ್ ಆ ದೇಶದ ಯಾವ ಕಾರಿಗೆ ಸಿಕ್ಕಿಸಿದರೂ ಲೈಟ್ ಹತ್ತಬೇಕು. ಬದಲಾವಣೆ ಆಗಬೇಕಾದ್ದು ಟ್ರೈಲರಿನಲ್ಲಿ.

ಶಿವಮೊಗ್ಗ ವೈರ್‌ಮನ್

ಒಪ್ಪಿದೆ ಅಕ್ಕ. ಇದು ನನಗೆ ಹೊಳೆದಿರಲಿಲ್ಲ. ಟ್ರೈಲರಿನಲ್ಲೇ ಮಾಡಿ ಸರ್.

ಹೊಲ್ಲಿಸ್ಟರ್ ಗಾಳಿ

ಹೌದು, ಅವರ ಮಾತು ನೂರಕ್ಕೆ ನೂರು ನಿಜ. ಗೆಳೆಯರ ಪಿಕಪ್‌ಗೂ ಆಗಬೇಕು. ಹಾಗಾದರೆ ಕನ್ವರ್ಟರ್ ಡಬ್ಬಿಯನ್ನು ಟ್ರೈಲರಿನಲ್ಲಿ ಕೂರಿಸಲಾ?

ನೆಕ್ಕಾರ್ ತೀರದಿಂದ

ಕೂರಿಸಬಹುದು, ಆದರೆ ಅದು ಊಹೆ ಮಾಡುವ ಡಬ್ಬಿ. ಸ್ವಲ್ಪ ಯೋಚಿಸಿ. ಅದಕ್ಕೆ ಬರುವುದು ಎರಡೇ ಸಿಗ್ನಲ್. ಎರಡೂ ಒಟ್ಟಿಗೆ ಉರಿದರೆ ಬ್ರೇಕ್, ಒಂದೇ ಮಿನುಗಿದರೆ ಇಂಡಿಕೇಟರ್ ಅಂತ ಅದು ತಿಳಿಯಬೇಕು. ಬ್ರೇಕ್ ಒತ್ತಿಕೊಂಡು ಎಡಕ್ಕೆ ಇಂಡಿಕೇಟರ್ ಹಾಕಿದರೆ? ಬಲದ್ದು ಉರಿಯುತ್ತಲೇ ಇರುತ್ತದೆ, ಎಡದ್ದು ಮಿನುಗುತ್ತದೆ. ಸಾದಾ ಡಬ್ಬಿಗೆ ಇಲ್ಲಿ ತಲೆ ಕೆಡುತ್ತದೆ. ಎಡದ್ದು ಆರಿದ ಪ್ರತಿ ಸಲವೂ "ಓ, ಇದು ಬಲ ಇಂಡಿಕೇಟರ್" ಅಂದುಕೊಂಡುಬಿಡಬಹುದು. ಒಳ್ಳೆಯ ಡಬ್ಬಿ ಸ್ವಲ್ಪ ಹೊತ್ತು ಕಾದು ನೋಡಿ ತೀರ್ಮಾನ ಮಾಡುತ್ತದೆ. ಅಷ್ಟು ಹೊತ್ತು ತಡ.

ಹಜಾರ್ಡ್ ಲೈಟ್ ಹಾಕಿದಾಗಲಂತೂ ಎರಡೂ ಒಟ್ಟಿಗೆ ಹತ್ತಿ ಆರುತ್ತವೆ. ಯಾರೋ ಬ್ರೇಕನ್ನು ಮತ್ತೆ ಮತ್ತೆ ತುಳಿಯುತ್ತಿದ್ದಾರೋ ಹಜಾರ್ಡ್ ಹಾಕಿದ್ದಾರೋ, ಆ ಎರಡು ವೈರ್ ನೋಡಿ ಹೇಳುವುದು ಕಷ್ಟ. ಕತ್ತಲಲ್ಲಿ ಹೆದ್ದಾರಿ ಬದಿ ನಿಂತಾಗ ನಿಮಗೆ ಬೇಕಾಗುವುದೇ ಹಜಾರ್ಡ್.

ನಾನಾದರೆ ಡಬ್ಬಿಯನ್ನೇ ಬಿಟ್ಟುಬಿಡುತ್ತೇನೆ. ಕೆಂಪು ಬಲ್ಬಿಗೇ ಎರಡೂ ಕೆಲಸ ಕೊಡಿ.

ಹೊಲ್ಲಿಸ್ಟರ್ ಗಾಳಿ

ಅಂದರೆ ಹಳದಿ ದೀಪ ಉರಿಯೋದೇ ಇಲ್ಲ?

ಡಲ್ಲಾಸ್ ಡೀಸೆಲ್

ಇಲ್ಲ. ಅಮೆರಿಕದಲ್ಲಿ ಓಡಾಡುವ ದೋಣಿ ಟ್ರೈಲರ್, ಬಾಡಿಗೆ ಟ್ರೈಲರ್ ಎಲ್ಲ ಹಾಗೇ. ಕೆಂಪೇ ಮಿನುಗುತ್ತದೆ. ಇಲ್ಲಿಯ ಡ್ರೈವರ್‌ಗಳಿಗೆ ಅಭ್ಯಾಸ. ಹಳದಿ ಹೋಗುವುದು ನನಗೂ ಬೇಜಾರೇ, ಹಳದಿ ಇಂಡಿಕೇಟರ್ ನಿಜವಾಗಿ ಬೇಗ ಕಣ್ಣಿಗೆ ಬೀಳುತ್ತದೆ. ಆದರೆ ವೈರ್ ಕಡಿಮೆ ಇದ್ದಷ್ಟೂ ಕೆಡುವುದು ಕಡಿಮೆ.

ನೆಕ್ಕಾರ್ ತೀರದಿಂದ

ಮಾಡುವ ರೀತಿ ಹೇಳುತ್ತೇನೆ. ಮೂತಿಯ ಹತ್ತಿರ ಅಥವಾ ಟ್ರೈಲರ್ ತಳದಲ್ಲಿ ಒಂದು ಜಂಕ್ಷನ್ ಬಾಕ್ಸ್ ಇದೆಯಾ ನೋಡಿ. ಹಲವು ಜರ್ಮನ್ ಟ್ರೈಲರ್‌ಗಳಲ್ಲಿ ಪ್ಲಗ್‌ನಿಂದ ಬಂದ ದಪ್ಪ ಕೇಬಲ್ ಅಲ್ಲಿಗೆ ಬರುತ್ತದೆ. ಅಲ್ಲಿಂದ ಎಡ ಲ್ಯಾಂಪಿಗೆ ಒಂದು ಕೇಬಲ್, ಬಲ ಲ್ಯಾಂಪಿಗೆ ಇನ್ನೊಂದು ಕೇಬಲ್. ಪ್ಲಗ್‌ನಲ್ಲಿ ಬ್ರೇಕಿಗೆ ಇರುವುದು ಒಂದೇ ವೈರ್, ಅದು ಕವಲೊಡೆಯುವುದು ಈ ಬಾಕ್ಸಿನಲ್ಲಿ. ಆ ಕವಲನ್ನು ಬಿಡಿಸಿ. ಈಗ ಎಡ ಬ್ರೇಕ್ ಬಲ್ಬಿನ ವೈರ್ ಬೇರೆ, ಬಲದ್ದು ಬೇರೆ ಆಯಿತು. ಕಾರಿನಿಂದ ಬರುವ ಹಳದಿಯನ್ನು ಎಡ ಬ್ರೇಕ್ ಬಲ್ಬಿನ ವೈರಿಗೆ ಕೊಡಿ. ಹಸಿರನ್ನು ಬಲದ್ದಕ್ಕೆ. ಕಾರಿನ ಕಂದು ವೈರನ್ನು ಎರಡೂ ಬದಿಯ ಟೈಲ್ ವೈರಿಗೆ, ಅಂದರೆ ಪ್ಲಗ್ ಕಡೆಯ ಲೆಕ್ಕದಲ್ಲಿ ಕಂದು ಮತ್ತು ಕಪ್ಪು. ನಂಬರ್ ಪ್ಲೇಟ್ ಲೈಟು, ಪಕ್ಕದ ಲೈಟುಗಳು ಸಾಮಾನ್ಯವಾಗಿ ಟೈಲ್ ಲೈಟಿನ ಜೊತೆಗೇ ಇರುತ್ತವೆ, ತಾವಾಗಿಯೇ ಹತ್ತುತ್ತವೆ. ಬಿಳಿಗೆ ಬಿಳಿ. ಉಳಿದ ಇಂಡಿಕೇಟರ್, ಫಾಗ್, ರಿವರ್ಸ್ ವೈರ್‌ಗಳ ತುದಿಗೆ ಕ್ಯಾಪ್ ಹಾಕಿ, ಹೆಸರು ಬರೆದು ಬಾಕ್ಸಿನಲ್ಲೇ ಮಡಿಸಿಡಿ. ಕತ್ತರಿಸಿ ಬಿಸಾಡಬೇಡಿ.

ಬಾಕ್ಸ್ ಇಲ್ಲದಿದ್ದರೆ ಇದೇ ಕೆಲಸವನ್ನು ಲ್ಯಾಂಪ್ ಬಿಚ್ಚಿ ಅದರ ಟರ್ಮಿನಲ್‌ನಲ್ಲೇ ಮಾಡಬೇಕು. ಹಳದಿ ವೈರನ್ನು ಇಂಡಿಕೇಟರ್ ಟರ್ಮಿನಲ್‌ನಿಂದ ತೆಗೆದು ಬ್ರೇಕ್ ಟರ್ಮಿನಲ್‌ಗೆ. ಬ್ರೇಕ್‌ನ ಹಳೇ ಕೆಂಪು ವೈರ್ ಎರಡೂ ಕಡೆ ಬಿಚ್ಚಲೇಬೇಕು. ಅದು ಹಾಗೇ ಉಳಿದರೆ ಎಡ ಬಲ ಅದರ ಮೂಲಕ ಸೇರಿಕೊಂಡು ಯಾವ ಇಂಡಿಕೇಟರ್ ಹಾಕಿದರೂ ಎರಡೂ ಮಿನುಗುವ ಅಪಾಯ ಇರುತ್ತದೆ.

ಶಿವಮೊಗ್ಗ ವೈರ್‌ಮನ್

ಕತ್ತರಿ ಹಿಡಿಯುವ ಮೊದಲು ಟ್ರೈಲರ್ ಈಗ ಹೇಗಿದೆ ಅಂತ ಪರೀಕ್ಷೆ ಮಾಡಿ. ಹಳೇ ಗಾಡಿ, ಹಿಂದಿನವರು ಏನೇನು ಮಾಡಿರುತ್ತಾರೋ. ಕಾರು ಬೇಡ. ಒಂದು 12 ವೋಲ್ಟ್ ಬ್ಯಾಟರಿ ಸಾಕು. ಮೈನಸ್ ಅನ್ನು ಪಿನ್ 3ಕ್ಕೆ ಹಿಡಿಯಿರಿ. ಪ್ಲಸ್ ವೈರಿಗೆ ಒಂದು ಫ್ಯೂಸ್ ಹಾಕಿ, ಒಂದೊಂದೇ ಪಿನ್ನಿಗೆ ಮುಟ್ಟಿಸಿ. ಯಾವುದು ಹತ್ತಿತು ಅಂತ ಬರೆದುಕೊಳ್ಳಿ.

ಒಂದು ದೀಪದ ಬದಲು ಎರಡು ಮೂರು ಮಂಕಾಗಿ ಉರಿದರೆ ಅರ್ತಿಂಗ್ ಹೋಗಿದೆ ಅಂತ ತಿಳಿಯಿರಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಟ್ರೈಲರ್ ಲೈಟ್ ದೂರುಗಳಲ್ಲಿ ಜಾಸ್ತಿ ಇದೇ. ಬ್ರೇಕ್ ಬಲ್ಬಿಗೆ ಹೋದ ಕರೆಂಟ್ ವಾಪಸ್ ಬರಲು ಬಿಳಿ ವೈರ್ ಬೇಕು. ಅದು ತುಕ್ಕು ಹಿಡಿದಿದ್ದರೆ ಕರೆಂಟ್ ಪಕ್ಕದ ಟೈಲ್ ಬಲ್ಬಿನ ಎಳೆಯೊಳಗೆ ಹಿಂದುಮುಂದಾಗಿ ನುಗ್ಗಿ, ಆಚೆ ಬದಿಯ ಲ್ಯಾಂಪಿನ ಮೂಲಕ ದಾರಿ ಮಾಡಿಕೊಳ್ಳುತ್ತದೆ. ಆಗ ಬ್ರೇಕ್ ಒತ್ತಿದರೆ ಟೈಲ್ ಉರಿಯುತ್ತದೆ, ಇಂಡಿಕೇಟರ್ ಹಾಕಿದರೆ ಎಲ್ಲವೂ ಕುಣಿಯುತ್ತವೆ. ಜನ ಕನ್ವರ್ಟರ್ ಕೆಟ್ಟಿದೆ, ಕಾರು ಕೆಟ್ಟಿದೆ ಅಂತ ದುಡ್ಡು ಸುರಿಯುತ್ತಾರೆ. ಟೋ ಬಾಲ್, ಅಂದರೆ ಟ್ರೈಲರ್ ಸಿಕ್ಕಿಸುವ ಕಾರಿನ ಹಿಂದಿನ ಕಬ್ಬಿಣದ ಗುಂಡು, ಅದರ ಮೂಲಕ ಅರ್ತಿಂಗ್ ಆಗುತ್ತದೆ ಅಂತಲೂ ನಂಬಬೇಡಿ. ಪ್ರತಿ ಲ್ಯಾಂಪಿಗೂ ಬಿಳಿ ವೈರ್ ನೇರ ಹೋಗಲಿ.

ಜಾಯಿಂಟ್‌ಗಳನ್ನು ಕ್ರಿಂಪ್ ಮಾಡಿ (ಲೋಹದ ತೋಳಿನಲ್ಲಿ ಇಕ್ಕಳದಿಂದ ಒತ್ತಿ), ಮೇಲೆ ಒಳಗೆ ಅಂಟು ಇರುವ ಹೀಟ್ ಶ್ರಿಂಕ್, ಅಂದರೆ ಬಿಸಿಗೆ ಕುಗ್ಗಿ ಬಿಗಿಯುವ ಕೊಳವೆ, ಹಾಕಿ. ಬರೀ ಟೇಪ್ ಸುತ್ತಬೇಡಿ. ವೈರನ್ನು ಸೀಳಿಕೊಂಡು ಕೂರುವ ಕ್ಲಿಪ್‌ಗಳಂತೂ ಬೇಡವೇ ಬೇಡ, ಒಂದೇ ಮಳೆಗಾಲಕ್ಕೆ ಹಸಿರು ಹಿಡಿಯುತ್ತವೆ.

ಡಲ್ಲಾಸ್ ಡೀಸೆಲ್

ಪಕ್ಕದ ಲೈಟುಗಳನ್ನೂ ನೋಡಿ. ಇಲ್ಲಿ ಮುಂದಿನ ಸೈಡ್ ಮಾರ್ಕರ್ ಹಳದಿ, ಹಿಂದಿನದು ಕೆಂಪು ಇರಬೇಕು. ಯುರೋಪಿನ ಟ್ರೈಲರ್‌ಗಳಲ್ಲಿ ಪಕ್ಕದಲ್ಲಿ ಸಾಮಾನ್ಯವಾಗಿ ಎಲ್ಲ ಹಳದಿಯೇ. ಉದ್ದ 30 ಅಡಿ, ಅಂದರೆ 9.14 ಮೀಟರ್ ಮುಟ್ಟಿದರೆ ಮಧ್ಯದಲ್ಲೂ ಹಳದಿ ಮಾರ್ಕರ್ ಮತ್ತು ರಿಫ್ಲೆಕ್ಟರ್ ಬೇಕು. ಗ್ಲೈಡರ್ ಟ್ರೈಲರ್ ಆ ಗಡಿಯ ಹತ್ತಿರವೇ ಬರುತ್ತದೆ, ಟೇಪ್ ಹಿಡಿದು ಅಳೆಯಿರಿ. ಅಗಲ 80 ಇಂಚಿಗಿಂತ ಕಡಿಮೆ ಇರುವುದರಿಂದ ಮೇಲ್ಗಡೆಯ ಸಾಲು ದೀಪಗಳ ಗೋಜಿಲ್ಲ.

ಕಪ್ಲರ್ (ಬಾಲ್ ಮೇಲೆ ಕೂರುವ ಟ್ರೈಲರಿನ ಕೊಂಡಿ) ಮೇಲೆ 50 ಮಿಲಿಮೀಟರ್ ಅಂತ ಬರೆದಿರುತ್ತದೆ. ಇಲ್ಲಿಯ 2 ಇಂಚಿನ ಬಾಲ್ 50.8. ಕೂರುತ್ತದೆ ಅನ್ನುವವರಿದ್ದಾರೆ, ಕೆಲವು ಸಲ ಕೂರುತ್ತದೆ ಕೂಡ. ಆದರೆ 50ರ ಬಾಲ್ ಇಲ್ಲೂ ಕೊಳ್ಳಲು ಸಿಗುತ್ತದೆ, ಅದನ್ನೇ ಹಾಕಿ. ಜೊತೆಗೆ ಸೇಫ್ಟಿ ಚೈನ್. ಜರ್ಮನ್ ಟ್ರೈಲರ್‌ನಲ್ಲಿ ಬ್ರೇಕ್ ಎಳೆಯುವ ತಂತಿ ಇರುತ್ತದೆ, ಚೈನ್ ಇರುವುದಿಲ್ಲ. ಇಲ್ಲಿ ಚೈನ್ ಕೇಳುತ್ತಾರೆ.

ಮೆಲ್ಬರ್ನ್ ಅಕ್ಕ

50ರ ಬಾಲ್ ಹಾಕಿದರೆ ಅದನ್ನು ಅದರ ಮೌಂಟ್ ಸಮೇತ ಟ್ರೈಲರ್ ಒಳಗೇ ಇಡಿ. ಕರೆದುಕೊಂಡು ಬರಲು ಹೊರಟವರ ಗಾಡಿಯಲ್ಲಿ ಅದು ಇರಲ್ಲ. 4 ವೈರಿನಿಂದ 7 ಪಿನ್ನಿಗೆ ಹೋಗುವ ಅಡಾಪ್ಟರ್ ಒಂದೂ ಅಲ್ಲೇ ಇರಲಿ. ಕಪ್ಲರ್ ಒಳಗೆ ಓಲಾಟ ತಡೆಯುವ ಪ್ಯಾಡ್ ಇದ್ದರೆ ಬಾಲ್‌ಗೆ ಗ್ರೀಸ್ ಹಚ್ಚಬೇಡಿ, ಒರೆಸಿ ಒಣಗಿಸಿಡಿ.

ರಾಜಾಜಿನಗರ ರೀಡರ್

ಒಂದು ಲೈಟ್ ಹತ್ತಿಸೋಕೆ ಇಷ್ಟು ಓದಬೇಕಾ ಅಂತ ಶುರು ಮಾಡಿದೆ, ಈಗ ಬಿಡೋಕೇ ಆಗ್ತಿಲ್ಲ. ಆಮೇಲೆ ಏನಾಯ್ತು ಅಂತ ಹೇಳಿ ಸರ್.

ಹೊಲ್ಲಿಸ್ಟರ್ ಗಾಳಿ

ಕೆಲಸ ಮುಗಿಯಿತು. ಜಂಕ್ಷನ್ ಬಾಕ್ಸ್ ಇತ್ತು, ಮೂತಿಯ ಹಿಂದೆ. ಹಿಂದಿನ ಮಾಲೀಕರು ಬಲ ಲ್ಯಾಂಪಿನ ಅರ್ತಿಂಗ್ ವೈರನ್ನು ಬಾಡಿಯ ಒಂದು ಸ್ಕ್ರೂಗೆ ಬಿಗಿದಿದ್ದರು. ಅದು ಫೈಬರ್ ಪ್ಯಾನೆಲ್ಲಿನ ಸ್ಕ್ರೂ! ಬಲ ಬ್ರೇಕ್ ಹತ್ತಿಸಿದರೆ ಎಡ ಟೈಲ್ ಮಿಣಕ್ ಅನ್ನುತ್ತಿತ್ತು, ಥೇಟ್ ವೈರ್‌ಮನ್ ಹೇಳಿದ ಹಾಗೆ. ಬಾಕ್ಸಿನಿಂದ ಹೊಸ ಬಿಳಿ ವೈರ್ ಎಳೆದ ಮೇಲೆ ಸರಿಹೋಯಿತು. ಉದ್ದ 30 ಅಡಿಗೆ ಕಡಿಮೆ ಬಂತು. ಹಿಂದಿನ ಮಾರ್ಕರ್ ಕೆಂಪಿನದು ಹಾಕಿದೆ. ಜರ್ಮನ್ ಪ್ಲಗ್ ಮತ್ತು ಅದರ ಕೇಬಲ್ಲನ್ನು ಸುತ್ತಿ ಡಬ್ಬಿಯಲ್ಲಿ ಇಟ್ಟಿದ್ದೇನೆ, ಮುಂದೆ ಮಾರುವಾಗ ಯಾರಿಗಾದರೂ ಬೇಕಾಗಬಹುದು.

ಇನ್ನು ಎರಡು ಪ್ರಶ್ನೆ. ಬಲ್ಬ್ ಬದಲು ಎಲ್‌ಇಡಿ ಹಾಕಬಹುದಾ? ಮತ್ತೆ, ಪಿಕಪ್‌ನ ಕಪ್ಪು ವೈರಿನಿಂದ ಗ್ಲೈಡರ್ ಬ್ಯಾಟರಿ ದಾರಿಯಲ್ಲೇ ಚಾರ್ಜ್ ಮಾಡಬಹುದಾ?

ಡಲ್ಲಾಸ್ ಡೀಸೆಲ್

ಎಲ್‌ಇಡಿ ಹಾಕಿದರೆ ಕರೆಂಟ್ ಬಹಳ ಕಡಿಮೆ. 21 ವಾಟ್ ಬಲ್ಬ್ ಒಂದಕ್ಕೆ ಹೆಚ್ಚುಕಡಿಮೆ 1.75 ಆಂಪಿಯರ್ ಬೇಕು, ಎಲ್‌ಇಡಿಗೆ ಅದರಲ್ಲಿ ಸಣ್ಣ ಪಾಲು. ಆದರೆ ಹೊಸ ಪಿಕಪ್‌ಗಳು ಈ ಕರೆಂಟ್ ನೋಡಿಯೇ ಟ್ರೈಲರ್ ಇದೆ ಅಂತ ತಿಳಿಯುತ್ತವೆ. ಕಡಿಮೆಯಾದರೆ "ಟ್ರೈಲರ್ ಕಳಚಿದೆ" ಅಂತ ಡ್ಯಾಶ್‌ಬೋರ್ಡ್ ಕಿರುಚಬಹುದು. ಹಳೇ ಲ್ಯಾಂಪ್ ಒಳಗೆ ಎಲ್‌ಇಡಿ ಬಲ್ಬ್ ತುರುಕಬೇಡಿ. ಹಾಕುವುದಾದರೆ ಡಿಒಟಿ (ಅಮೆರಿಕದ ಸಾರಿಗೆ ಇಲಾಖೆ) ಗುರುತಿರುವ ಇಲ್ಲಿಯ ಎಲ್‌ಇಡಿ ಲ್ಯಾಂಪನ್ನೇ ಪೂರ್ತಿ ಹಾಕಿ.

ನೆಕ್ಕಾರ್ ತೀರದಿಂದ

ಚಾರ್ಜಿಂಗ್ ಬಗ್ಗೆ: ನಿಮ್ಮ ಗ್ಲೈಡರ್ ಬ್ಯಾಟರಿ ಯಾವ ಜಾತಿಯದು? ಲಿಥಿಯಂ ಐರನ್ ಫಾಸ್ಫೇಟ್ ಆಗಿದ್ದರೆ ಕಾರಿನಿಂದ ನೇರ ಕೊಡಬೇಡಿ. ಮಧ್ಯೆ ಆ ಜಾತಿಗೆ ಸರಿಹೊಂದುವ ಡಿಸಿ-ಡಿಸಿ ಚಾರ್ಜರ್ (ಕಾರಿನ ವೋಲ್ಟೇಜನ್ನು ಬ್ಯಾಟರಿಗೆ ತಕ್ಕಂತೆ ಬದಲಿಸಿ ಕೊಡುವ ಡಬ್ಬಿ) ಬೇಕು. ಹಳೇ ಸೀಸದ ಬ್ಯಾಟರಿಯಾದರೂ ಫ್ಯೂಸ್ ಇಲ್ಲದೆ ಬೇಡ. ಫ್ಯೂಸ್ ಬ್ಯಾಟರಿಯ ಹತ್ತಿರವೇ ಇರಲಿ, ಪ್ಲಗ್ ಹತ್ತಿರ ಅಲ್ಲ.

ಹೊಲ್ಲಿಸ್ಟರ್ ಗಾಳಿ

ಲಿಥಿಯಂದೇ. ಹಾಗಾದರೆ ಕಪ್ಪು ವೈರ್ ಸದ್ಯಕ್ಕೆ ಹಾಗೇ ಇರಲಿ. ಟ್ರೈಲರ್ ಮೇಲೆ ಒಂದು ಸಣ್ಣ ಸೋಲಾರ್ ಪ್ಯಾನೆಲ್, ಲಿಥಿಯಂಗೆ ಆಗುವ ಕಂಟ್ರೋಲರ್ ಹಾಕೋಣ ಅಂತ ಗೆಳೆಯರು ಅನ್ನುತ್ತಿದ್ದಾರೆ. ಅದರ ಬಗ್ಗೆ ಬೇರೆ ಎಳೆ ಶುರು ಮಾಡುತ್ತೇನೆ.